ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್: ಅಳವಡಿಕೆಯ ಚರಿತ್ರೆ

ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಗ್ರಾಫಿಕ್ಸ್ ಕಾರ್ಡಿನಿಂದ ಕೆಲಸ ಮಾಡಿಸಿಕೊಳ್ಳಲು ಬಳಸುವ ತಂತ್ರಾಂಶಕ್ಕೆ ಗ್ರಾಫಿಕ್ಸ್ ಡ್ರೈವರ್ ಎಂದು ಹೆಸರು. ಇದರಲ್ಲಿ ಎರಡು ಭಾಗಗಳಿವೆ. ಒಂದು, ವ್ಯವಸ್ಥೆಯ ತಿರುಳಾದ ಕರ್ನಲ್‌ನ ಒಳಗಿದ್ದು ಕಾರ್ಡಿನ ಮೆಮೊರಿ, ವಿದ್ಯುತ್ ಬಳಕೆ, ಪರದೆಯ ರೆಸಲ್ಯೂಷನ್‌ಗಳನ್ನು ನೋಡಿಕೊಳ್ಳುತ್ತದೆ. ಇನ್ನೊಂದು, ಆಟಗಳೂ ಬ್ರೌಸರ್‌ಗಳೂ ಓಪನ್‌ಜಿಎಲ್ ಅಥವಾ ವಲ್ಕನ್ ಮೂಲಕ ಕೊಡುವ ಆದೇಶಗಳನ್ನು ಕಾರ್ಡಿಗೆ ತಿಳಿಯುವ ಸೂಚನೆಗಳಾಗಿ ಮಾರ್ಪಡಿಸುತ್ತದೆ. ಈ ಎರಡೂ ಭಾಗಗಳ ಸೋರ್ಸ್ ಕೋಡ್ ಯಾರ ವಶದಲ್ಲಿದೆ ಎಂಬುದರ ಮೇಲೆಯೇ ಅಳವಡಿಕೆಯ ಸುಖದುಃಖ ನಿಂತಿದೆ. ಕಪ್ಪು ಪರದೆಯ ಮುಂದೆ ಕೂತ ಬಳಕೆದಾರ ತನ್ನದೇ ತಪ್ಪೆಂದುಕೊಂಡ ತೊಂದರೆಗಳಲ್ಲಿ ಹೆಚ್ಚಿನವು ಕೋಡನ್ನು ಮುಚ್ಚಿಟ್ಟದ್ದರ ಫಲ.

1990ರ ದಶಕದಲ್ಲಿ ಕಾರ್ಡಿನ ಡ್ರೈವರ್ ಕರ್ನಲ್‌ನಲ್ಲಿ ಇರಲಿಲ್ಲ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಪಿಸಿಗೆ ತಂದ ಎಕ್ಸ್‌ಫ್ರೀ86 ತಂತ್ರಾಂಶವೇ ಕಾರ್ಡನ್ನು ನೇರವಾಗಿ ಮುಟ್ಟುತ್ತಿತ್ತು. ಬಳಕೆದಾರ ಮಾನಿಟರಿನ ಕೈಪಿಡಿ ಹುಡುಕಿ, ಅಡ್ಡ ಮತ್ತು ಲಂಬ ಆವರ್ತನಗಳ ಅಂಕಿಗಳನ್ನು ಸಂರಚನಾ ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಹಾಳಾದೀತು ಎಂಬ ಎಚ್ಚರಿಕೆ ಆ ಕಾಲದ ದಸ್ತಾವೇಜುಗಳಲ್ಲಿತ್ತು, ಅದು ಸುಳ್ಳು ಹೆದರಿಕೆಯೂ ಆಗಿರಲಿಲ್ಲ. ಮೂರು ಆಯಾಮದ ಚಿತ್ರಗಳಿಗಾಗಿ ಬ್ರಯನ್ ಪಾಲ್ 1993ರಲ್ಲಿ ಮೆಸಾ ಎಂಬ ತಂತ್ರಾಂಶ ಗ್ರಂಥಾಲಯವನ್ನು ಬರೆಯತೊಡಗಿ 1995ರಲ್ಲಿ ಬಿಡುಗಡೆ ಮಾಡಿದರು. ಮೊದಲಿಗೆ ಅದು ಇಡೀ ಲೆಕ್ಕವನ್ನು ಪ್ರೊಸೆಸರಿನಲ್ಲೇ ಮಾಡುತ್ತಿತ್ತು. 2000ದಲ್ಲಿ ಬಂದ ಎಕ್ಸ್‌ಫ್ರೀ86ರ 4.0 ಆವೃತ್ತಿ, ಪ್ರೋಗ್ರಾಮುಗಳು ಕರ್ನಲ್‌ನ ಮೇಲ್ವಿಚಾರಣೆಯಲ್ಲಿ ಕಾರ್ಡನ್ನು ನೇರವಾಗಿ ಬಳಸುವ ದಾರಿಯನ್ನು ತೆರೆಯಿತು. ಇಂದಿನ ವ್ಯವಸ್ಥೆಯ ಬೇರು ಅಲ್ಲಿದೆ. ಪರವಾನಗಿಯ ಜಗಳದಿಂದ 2004ರಲ್ಲಿ ಎಕ್ಸ್‌ಫ್ರೀ86 ಬಿಟ್ಟು ಬಹುತೇಕ ಎಲ್ಲರೂ ಎಕ್ಸ್.ಆರ್ಗ್‌ಗೆ ಬಂದರು.

ಆ ಹೊತ್ತಿಗಾಗಲೇ ಕಾರ್ಡ್ ತಯಾರಕರ ದಾರಿಗಳು ಕವಲೊಡೆದಿದ್ದವು. ಇಂಟೆಲ್ ತೆರೆದ ಡ್ರೈವರ್ ಕೊಟ್ಟಿತು. ಎನ್‌ವಿಡಿಯಾ ವೇಗದಲ್ಲಿ ವಿಂಡೋಸ್‌ಗೆ ಸರಿಸಾಟಿಯಾದ ಡ್ರೈವರನ್ನು ಕೊಟ್ಟಿತು, ಆದರೆ ಕೋಡ್ ಕೊಡಲಿಲ್ಲ. ಎಟಿಐ ಕೂಡ ಮುಚ್ಚಿದ ಡ್ರೈವರನ್ನೇ ಹಂಚಿತು. ಲಿನಕ್ಸ್ ಕರ್ನಲ್ ತನ್ನ ಒಳಗಿನ ಮಾಡ್ಯೂಲ್‌ಗಳಿಗೆ ಸ್ಥಿರವಾದ ಒಳಸಂಪರ್ಕದ ಭರವಸೆ ಕೊಡುವುದಿಲ್ಲ. ಒಳಗಿರುವ ಕೋಡನ್ನು ಬದಲಾಯಿಸುವವರೇ ತಿದ್ದಿಕೊಡುತ್ತಾರೆ; ಹೊರಗಿರುವುದನ್ನು ತಿದ್ದುವವರು ಅಲ್ಲಿಲ್ಲ. ಆದ್ದರಿಂದ ಕಂಪನಿಯ ಜಾಲತಾಣದಿಂದ ಇಳಿಸಿಕೊಂಡ ಡ್ರೈವರ್ ಇಂದು ಚೆನ್ನಾಗಿ ನಡೆದು, ಮುಂದಿನ ಕರ್ನಲ್ ಅಪ್‌ಡೇಟ್ ಆದ ಮರುದಿನ ಪರದೆಯನ್ನೇ ಕೊಡದಿರುತ್ತಿತ್ತು. ಡೆಲ್ ಕಂಪನಿ ರೂಪಿಸಿದ ಡಿಕೆಎಂಎಸ್ ಇದಕ್ಕೊಂದು ಪರಿಹಾರ: ಹೊಸ ಕರ್ನಲ್ ಬಂದಾಗಲೆಲ್ಲ ಅದು ಮಾಡ್ಯೂಲನ್ನು ತಾನಾಗಿ ಮರುನಿರ್ಮಿಸುತ್ತದೆ. ಆದರೆ ಆ ಕರ್ನಲ್‌ನ ಹೆಡರ್ ಕಡತಗಳು ಯಂತ್ರದಲ್ಲಿ ಇಲ್ಲದಿದ್ದರೆ ನಿರ್ಮಾಣ ಸೋಲುತ್ತದೆ. ಇಂದಿಗೂ ಕಪ್ಪು ಪರದೆಯ ಸಾಮಾನ್ಯ ಕಾರಣಗಳಲ್ಲಿ ಇದೂ ಒಂದು.

ಈ ಚರಿತ್ರೆಯ ಅತ್ಯಂತ ಗೌರವಾರ್ಹ ಅಧ್ಯಾಯ ನೂವೋ. ಎನ್‌ವಿಡಿಯಾ ಕಾರ್ಡುಗಳಿಗೆ ತೆರೆದ ಡ್ರೈವರ್ ಬರೆಯಬೇಕೆಂದು 2005ರಲ್ಲಿ ಸ್ಟೆಫಾನ್ ಮಾರ್ಶೆಸಾನ್ ಇದನ್ನು ಆರಂಭಿಸಿದರು. ಕಾರ್ಡಿನ ದಾಖಲೆಗಳು ಯಾವುವೂ ಕೈಯಲ್ಲಿರಲಿಲ್ಲ. ಮುಚ್ಚಿದ ಡ್ರೈವರ್ ಓಡುತ್ತಿರುವಾಗ ಅದು ಕಾರ್ಡಿನ ಯಾವ ವಿಳಾಸಕ್ಕೆ ಯಾವ ಮೌಲ್ಯ ಬರೆಯುತ್ತದೆಂದು ಗಮನಿಸಿ, ಒಂದೊಂದೇ ಆದೇಶ ಬದಲಿಸಿ ವ್ಯತ್ಯಾಸ ನೋಡಿ, ಅರ್ಥ ಊಹಿಸುತ್ತ ಹೋದರು. ನಾನಾ ದೇಶಗಳ ಬಳಕೆದಾರರು ತಮ್ಮಲ್ಲಿದ್ದ ಕಾರ್ಡುಗಳ ಮೇಲೆ ರೀನೂವೋ ಎಂಬ ಪುಟ್ಟ ಉಪಕರಣ ಓಡಿಸಿ ಫಲಿತಾಂಶ ಕಳಿಸಿದರು. ಈ ಕೂಡುಶ್ರಮದ ಡ್ರೈವರ್ 2010ರಲ್ಲಿ 2.6.33 ಕರ್ನಲ್ ಸೇರಿತು. ಆದರೆ 2014ರ ಎರಡನೇ ಪೀಳಿಗೆಯ ಮ್ಯಾಕ್ಸ್‌ವೆಲ್ ಕಾರ್ಡುಗಳಿಂದ ಎನ್‌ವಿಡಿಯಾ ತಾನು ಸಹಿ ಮಾಡಿದ ಫರ್ಮ್‌ವೇರ್ ಮಾತ್ರ ನಡೆಯುವಂತೆ ಮಾಡಿತು. ಗಡಿಯಾರದ ವೇಗ ಏರಿಸುವ ದಾರಿ ನೂವೋಗೆ ಮುಚ್ಚಿತು. ವರ್ಷಗಳ ದುಡಿಮೆ ಕೆಳವೇಗಕ್ಕೇ ಕಟ್ಟುಬಿದ್ದದ್ದು ದೊಡ್ಡ ಅನ್ಯಾಯ.

ಎಟಿಐ ಕಥೆ ಬೇರೆ ತಿರುವು ಪಡೆಯಿತು. 2006ರಲ್ಲಿ ಅದನ್ನು ಕೊಂಡ ಎಎಂಡಿ 2007ರ ಸೆಪ್ಟೆಂಬರ್‌ನಲ್ಲಿ ಕಾರ್ಡುಗಳ ತಾಂತ್ರಿಕ ದಾಖಲೆಗಳನ್ನು ಸಾರ್ವಜನಿಕಗೊಳಿಸುವುದಾಗಿ ಸಾರಿತು. 2015ರಲ್ಲಿ 4.2 ಕರ್ನಲ್‌ಗೆ ಎಎಂಡಿಜಿಪಿಯು ಡ್ರೈವರ್ ಬಂತು. ಈಗ ಎಎಂಡಿ ಅಥವಾ ಇಂಟೆಲ್ ಕಾರ್ಡ್ ಇರುವವರು ಸಾಮಾನ್ಯವಾಗಿ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಡ್ರೈವರ್ ಕರ್ನಲ್ ಮತ್ತು ಮೆಸಾದ ಜೊತೆಗೇ ಬರುತ್ತದೆ. ಹಳೆಯ ಕಾರ್ಡುಗಳಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಎನ್‌ವಿಡಿಯಾ ತನ್ನ 390 ಸರಣಿಯ ಡ್ರೈವರಿಗೆ 2022ರ ಕೊನೆಯಲ್ಲಿ ಬೆಂಬಲ ನಿಲ್ಲಿಸಿದಾಗ ಫರ್ಮಿ ಪೀಳಿಗೆಯ ಕಾರ್ಡುಗಳು ಕಂಪನಿಯ ಆಸರೆ ಕಳೆದುಕೊಂಡವು. ಆದರೆ 2002ರ ಎಟಿಐ ರೇಡಿಯಾನ್ 9700 ಕಾರ್ಡಿನ ಪೀಳಿಗೆಗೆ ಬರೆದ ಡ್ರೈವರ್ ಅದಾದ ಮೇಲೂ ಮೆಸಾದಲ್ಲಿ ಉಳಿದಿದೆ.

2009ರ 2.6.29 ಕರ್ನಲ್‌ನಿಂದ ರೆಸಲ್ಯೂಷನ್ ನಿಗದಿಪಡಿಸುವ ಕೆಲಸ ಎಕ್ಸ್‌ನ ಕೈಯಿಂದ ಕರ್ನಲ್‌ಗೆ ಬರತೊಡಗಿತು. ದೋಷಪರಿಹಾರದ ಬಹುಬಳಕೆಯ ಆಯ್ಕೆ ನೋಮೋಡ್‌ಸೆಟ್ ಹುಟ್ಟಿದ್ದು ಈ ಬದಲಾವಣೆಯಿಂದಲೇ. ಕರ್ನಲ್ ಶುರುವಾಗುವ ಮೊದಲು, ಅದನ್ನು ಎಬ್ಬಿಸುವ ಗ್ರಬ್ ತಂತ್ರಾಂಶದ ಪಟ್ಟಿಯಲ್ಲಿ ಆ ಪದ ಸೇರಿಸಿದರೆ ಕರ್ನಲ್ ಕಾರ್ಡಿನ ಪೂರ್ಣ ಡ್ರೈವರನ್ನು ಬಿಟ್ಟು ಸರಳ ಪರದೆಯಲ್ಲಿ ಮುಂದುವರಿಯುತ್ತದೆ. ಇದು ಒಳಹೊಕ್ಕು ರಿಪೇರಿ ಮಾಡಲು ಮಾತ್ರ. ಇದನ್ನೇ ಕಾಯಂ ಮಾಡಿಕೊಂಡವರ ಯಂತ್ರದಲ್ಲಿ ಚಿತ್ರಗಳನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿರುತ್ತದೆ. ಒಳಹೊಕ್ಕ ಮೇಲೆ ಎಲ್‌ಎಸ್‌ಪಿಸಿಐ ಆದೇಶದಿಂದ ಕಾರ್ಡಿಗೆ ಯಾವ ಡ್ರೈವರ್ ಅಂಟಿಕೊಂಡಿದೆ ಎಂದೂ, ಡಿಮೆಸೇಜ್‌ನಿಂದ ಕರ್ನಲ್ ಏನು ದೂರಿದೆ ಎಂದೂ ನೋಡಬಹುದು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಾಮಾನ್ಯವಾಗಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಸೇರಿಸಿಕೊಳ್ಳುವುದಿಲ್ಲ. ಮಾಡ್ಯೂಲಿಗೆ ಸಹಿ ಹಾಕಿ, ಆ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಬೇಕು. ಡ್ರೈವರ್ ಮತ್ತು ಗ್ರಂಥಾಲಯದ ಆವೃತ್ತಿ ಹೊಂದುತ್ತಿಲ್ಲ ಎಂದು ಎನ್‌ವಿಡಿಯಾದ ಉಪಕರಣ ಹೇಳಿದರೆ ಹೆಚ್ಚಿನ ಸಲ ಒಮ್ಮೆ ರೀಬೂಟ್ ಮಾಡಿದರೆ ಸಾಕು. ಕಂಪನಿಯ ಜಾಲತಾಣದ ಕಡತವನ್ನೂ ಡಿಸ್ಟ್ರೋದ ಪ್ಯಾಕೇಜನ್ನೂ ಒಂದರ ಮೇಲೊಂದು ಹಾಕಬಾರದು. ಡಿಸ್ಟ್ರೋದ ಪ್ಯಾಕೇಜೇ ಕ್ಷೇಮ.

ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಇಮ್ಮಡಿಯಾಯಿತು. 2010ರಲ್ಲಿ ಬಂದ ಎನ್‌ವಿಡಿಯಾದ ಆಪ್ಟಿಮಸ್ ತಂತ್ರಜ್ಞಾನ ಇಂಟೆಲ್ ಚಿಪ್ ಮತ್ತು ಎನ್‌ವಿಡಿಯಾ ಚಿಪ್‌ಗಳ ನಡುವೆ ಕೆಲಸ ಹಂಚಿತು, ಆದರೆ ಕಂಪನಿ ಲಿನಕ್ಸ್‌ಗೆ ಬೆಂಬಲ ಕೊಡಲಿಲ್ಲ. ಆ ಕೊರತೆ ತುಂಬಲು ಸ್ವಯಂಸೇವಕರು ಬಂಬಲ್‌ಬೀ ಎಂಬ ತಂತ್ರಾಂಶ ಕಟ್ಟಿದರು. 2011ರಲ್ಲಿ ಅದರ ಅಳವಡಿಕೆ ಸ್ಕ್ರಿಪ್ಟಿನ ಒಂದು ಅಳಿಸುವ ಆದೇಶದಲ್ಲಿ ಒಂದು ಖಾಲಿ ಜಾಗ ನುಸುಳಿ, ಓಡಿಸಿದವರ ಯಂತ್ರದಲ್ಲಿ ಯುಎಸ್‌ಆರ್ ಡೈರೆಕ್ಟರಿ ಇಡಿಯಾಗಿ ಅಳಿಸಿಹೋಯಿತು. 2012ರ ಜೂನ್‌ನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರು ಇದೇ ಆಪ್ಟಿಮಸ್ ಬಗ್ಗೆ ಕೇಳಿದಾಗ ಲಿನಕ್ಸ್‌ನ ಕರ್ತೃ ಲೈನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ನಡುಬೆರಳೆತ್ತಿ ಎನ್‌ವಿಡಿಯಾವನ್ನು ಬೈದರು. ಭಾಷೆ ಒರಟು, ಆದರೆ ದೂರು ನ್ಯಾಯವಾದದ್ದು.

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಿಗೆ ಕರ್ನಲ್ ಮಾಡ್ಯೂಲಿನ ಕೋಡನ್ನು ತೆರೆಯಿತು. ಮಾಡ್ಯೂಲಿನ ಬಹಳಷ್ಟು ಕೆಲಸ ಕಾರ್ಡಿನ ಮೇಲಿನ ಜಿಎಸ್‌ಪಿ ಪ್ರೊಸೆಸರಿನ ಫರ್ಮ್‌ವೇರಿಗೆ ಹೋಗಿದೆ, ಓಪನ್‌ಜಿಎಲ್ ಮತ್ತು ವಲ್ಕನ್ ಭಾಗಗಳು ಮುಚ್ಚಿಯೇ ಇವೆ. ಇದನ್ನು ಅರ್ಧ ಬಾಗಿಲೆನ್ನಬೇಕು. ಆದರೂ ಆ ಫರ್ಮ್‌ವೇರನ್ನು ಬಳಸಿಕೊಂಡೇ ನೂವೋ ಮತ್ತೆ ವೇಗ ಪಡೆಯಿತು, ಮೆಸಾದಲ್ಲಿ ಎನ್‌ವಿಕೆ ಎಂಬ ವಲ್ಕನ್ ಡ್ರೈವರ್ ಬೆಳೆಯಿತು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ 2024ರಲ್ಲಿ ಪ್ರಕಟಿಸಿದ, ರಸ್ಟ್ ಭಾಷೆಯ ನೋವಾ ಡ್ರೈವರಿನ ಮೊದಲ ಭಾಗ 2025ರಲ್ಲಿ 6.15 ಕರ್ನಲ್ ಸೇರಿತು. ಅದೇ ವರ್ಷ ಮಾರುಕಟ್ಟೆಗೆ ಬಂದ ಬ್ಲ್ಯಾಕ್‌ವೆಲ್ ಪೀಳಿಗೆಯ ಜಿಫೋರ್ಸ್ ಕಾರ್ಡುಗಳಿಗೆ ಎನ್‌ವಿಡಿಯಾ ತನ್ನ ಹಳೆಯ ಮುಚ್ಚಿದ ಕರ್ನಲ್ ಮಾಡ್ಯೂಲನ್ನು ಕೊಡುತ್ತಿಲ್ಲ; ಅವು ತೆರೆದ ಮಾಡ್ಯೂಲಿನಲ್ಲಿ ಮಾತ್ರ ನಡೆಯುತ್ತವೆ.