ಪಡಿಯಚ್ಚು ನಂಬಿಕೆಗಳಲ್ಲಿ ನಿಜವೆಷ್ಟು?

ಒಂದು ಜನವರ್ಗದವರೆಲ್ಲ ಹೀಗೆಯೇ ಎಂದು ಸಮಾಜದಲ್ಲಿ ಬೇರೂರಿದ ಅಭಿಪ್ರಾಯಗಳನ್ನು ಪಡಿಯಚ್ಚು ನಂಬಿಕೆಗಳು ಎನ್ನಬಹುದು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರ ‘ಪಬ್ಲಿಕ್ ಒಪೀನಿಯನ್’ ಗ್ರಂಥದಲ್ಲಿ ಈ ಪರಿಕಲ್ಪನೆಯನ್ನು ಸಮಾಜವಿಜ್ಞಾನಕ್ಕೆ ತಂದರು. ಇಂಥ ನಂಬಿಕೆಗಳು ಎಷ್ಟು ನಿಜ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಅಲ್ಲಿಂದೀಚೆಗೆ ಹಲವು ಬಾರಿ ಬದಲಾಗಿದೆ.

ಮೊದಲ ತಲೆಮಾರಿನ ಸಂಶೋಧಕರಿಗೆ ಇವು ಹುಸಿಯಾಗಿಯೇ ಕಂಡವು. 1933ರಲ್ಲಿ ಡೇನಿಯಲ್ ಕಾಟ್ಜ್ ಮತ್ತು ಕೆನೆತ್ ಬ್ರೇಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳಿಗೆ ಗುಣವಾಚಕಗಳ ಪಟ್ಟಿ ಕೊಟ್ಟು, ಹತ್ತು ಜನವರ್ಗಗಳಿಗೆ ಒಪ್ಪುವ ಗುಣಗಳನ್ನು ಆರಿಸಲು ಹೇಳಿದರು. ತುರ್ಕರ ಪರಿಚಯವೇ ಇಲ್ಲದವರೂ ಅವರನ್ನು ಕ್ರೂರಿಗಳೆಂದರು. 1936ರಲ್ಲಿ ರಿಚರ್ಡ್ ಲಾಪಿಯೆರ್ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಇನ್ನೂ ನೇರವಾದ ಪರೀಕ್ಷೆ ನಡೆಸಿದರು. ಅಲ್ಲಿನ ಆರ್ಮೇನಿಯನ್ನರು ಮೋಸಗಾರರು, ಕಾನೂನಿನ ತಂಟೆಗೆ ಸಿಕ್ಕುವವರು ಎಂಬ ಮಾತಿತ್ತು. ಸಾಲ ಮರುಪಾವತಿ ಮತ್ತು ನ್ಯಾಯಾಲಯದ ದಾಖಲೆಗಳು ಅದನ್ನು ಸುಳ್ಳಾಗಿಸಿದವು. ಭಾರತದಲ್ಲಿ ಸಿನ್ಹಾ ಮತ್ತು ಉಪಾಧ್ಯಾಯ 1960ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಡಿ ವಿವಾದ ಬಿಸಿಯೇರುತ್ತಿದ್ದಂತೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಚೀನೀಯರ ಚಿತ್ರ ಕೆಲವೇ ತಿಂಗಳಲ್ಲಿ ಕೆಟ್ಟಿತು. ಅಷ್ಟರಲ್ಲಿ ಬದಲಾದದ್ದು ರಾಜಕೀಯವೇ ಹೊರತು ಚೀನೀಯರ ಸ್ವಭಾವವಲ್ಲ.

ಎರಡನೆಯ ಘಟ್ಟದಲ್ಲಿ ಗಮನ ಮನಸ್ಸಿನ ವ್ಯಾಪಾರದತ್ತ ಹೊರಳಿತು. ಕೆಲವು ನಂಬಿಕೆಗಳಲ್ಲಿ ಸತ್ಯದ ಎಳೆ ಇರಬಹುದು, ಕೆಲವು ಬರೀ ಕಲ್ಪನೆ ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ವಿಂಗಡಿಸಿದ್ದರು. ಗೆರೆಗಳನ್ನು ಎರಡು ಗುಂಪು ಮಾಡಿ ಹೆಸರಿಟ್ಟರೆ ಸಾಕು, ನೋಡುವವರು ಗುಂಪುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತಾರೆ ಎಂದು ಹೆನ್ರಿ ತಾಜ್‌ಫೆಲ್ ಮತ್ತು ವಿಲ್ಕ್ಸ್ 1963ರಲ್ಲಿ ತೋರಿಸಿದರು. ಚಿಕ್ಕ ಗುಂಪಿಗೂ ಅಪರೂಪದ ಕೃತ್ಯಕ್ಕೂ ಇಲ್ಲದ ನಂಟನ್ನು ಮನಸ್ಸು ಕಲ್ಪಿಸಿಕೊಳ್ಳುತ್ತದೆ ಎಂಬುದು 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ನಡೆಸಿದ ಪ್ರಯೋಗದ ಫಲ.

ಮೂರನೆಯ ಘಟ್ಟದಲ್ಲಿ ನಂಬಿಕೆಗಳನ್ನು ವಾಸ್ತವದೊಂದಿಗೆ ನೇರವಾಗಿ ಅಳೆದು ನೋಡುವ ಪ್ರಯತ್ನ ನಡೆಯಿತು. 1978ರಲ್ಲಿ ಕ್ಲಾರ್ಕ್ ಮೆಕಾಲಿ ಮತ್ತು ಸ್ಟಿಟ್ ಜನರ ಅಂದಾಜನ್ನು ಅಂಕಿಗಳಲ್ಲೇ ಕೇಳಿ ಜನಗಣತಿಯೊಂದಿಗೆ ಹೋಲಿಸಿದರು. ಪ್ರೌಢಶಾಲೆ ಮುಗಿಸಿದವರ ಪ್ರಮಾಣದಂಥ ವಿಷಯಗಳಲ್ಲಿ ಕಪ್ಪು ಅಮೆರಿಕನ್ನರ ಬಗೆಗಿನ ಅಂದಾಜುಗಳು ವಾಸ್ತವಕ್ಕೆ ಹತ್ತಿರವಿದ್ದವು. ಒಟ್ಟು ಅಮೆರಿಕನ್ನರಿಗೂ ಅವರಿಗೂ ಇರುವ ವ್ಯತ್ಯಾಸವನ್ನು ಹಿಗ್ಗಿಸುವುದಕ್ಕಿಂತ ಕುಗ್ಗಿಸಿದ್ದೇ ಹೆಚ್ಚು. ಈ ಜಾಡಿನಲ್ಲಿ ಲೀ ಜಸಿಮ್ ಮೊದಲಾದವರು, ಹುಸಿತನವನ್ನು ಮೊದಲೇ ಒಪ್ಪಿಕೊಳ್ಳದೆ ಅಳೆದು ನೋಡಬೇಕೆಂದು ವಾದಿಸಿದರು.

ಅಳತೆಯ ಫಲ ಒಂದೇ ಆಗಿರಲಿಲ್ಲ. ಆಂಟೋನಿಯೊ ಟೆರಾಚಿಯಾನೊ ಮತ್ತು ಸಂಗಡಿಗರು 2005ರಲ್ಲಿ 49 ಸಂಸ್ಕೃತಿಗಳನ್ನು ಪರಿಶೀಲಿಸಿದಾಗ, ರಾಷ್ಟ್ರಸ್ವಭಾವದ ಕುರಿತ ನಂಬಿಕೆಗಳಿಗೂ ಅಲ್ಲಿನವರ ವ್ಯಕ್ತಿತ್ವದ ಸರಾಸರಿಗೂ ತಾಳೆಯಾಗಲಿಲ್ಲ. ಜನ ತಮ್ಮ ನೆರೆಹೊರೆಯವರೊಂದಿಗೆ ಹೋಲಿಸಿಕೊಂಡೇ ಉತ್ತರಿಸುವುದರಿಂದ ಆ ಸರಾಸರಿಯನ್ನೇ ನಂಬಲಾಗದು ಎಂಬ ಆಕ್ಷೇಪವೂ ಬಂತು. ರಾಜಕೀಯದಲ್ಲಿ ಉತ್ಪ್ರೇಕ್ಷೆ ಎದ್ದು ಕಾಣುತ್ತದೆ: ಅಹ್ಲರ್ ಮತ್ತು ಸೂದ್ ಅವರ 2018ರ ಅಧ್ಯಯನದಲ್ಲಿ ಅಮೆರಿಕನ್ನರು, ರಿಪಬ್ಲಿಕನ್ನರಲ್ಲಿ ಶೇ. 38ರಷ್ಟು ಜನ ವರ್ಷಕ್ಕೆ 2,50,000 ಡಾಲರ್‌ಗೂ ಹೆಚ್ಚು ಗಳಿಸುತ್ತಾರೆಂದು ಅಂದಾಜಿಸಿದ್ದರು. ವಾಸ್ತವ ಪ್ರಮಾಣ ಸುಮಾರು ಶೇ. 2.

ಅಂದಾಜು ಸರಿಯಿದ್ದರೂ ಕಾರಣ ತಿಳಿದಂತಾಗುವುದಿಲ್ಲ. ಹೆಣ್ಣು–ಗಂಡಿನ ಸ್ವಭಾವದ ಕುರಿತ ನಂಬಿಕೆಗಳು ಅವರಿಗೆ ಸಮಾಜ ಹಂಚಿದ ಕೆಲಸಗಳಿಂದ ಹುಟ್ಟುತ್ತವೆ ಎಂದು ಆಲಿಸ್ ಈಗ್ಲಿ 1980ರ ದಶಕದಲ್ಲಿ ವಿವರಿಸಿದರು. ನಂಬಿಕೆಯೇ ವ್ಯತ್ಯಾಸವನ್ನು ಹುಟ್ಟಿಸುವುದೂ ಉಂಟು. ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರ ಅಧ್ಯಯನ (2006) ಇದಕ್ಕೆ ನಿದರ್ಶನ. ಜಾತಿ ಹೇಳದಿದ್ದಾಗ ದಲಿತ ಹುಡುಗರಿಗೂ ಮೇಲ್ಜಾತಿಯವರಿಗೂ ಗಣನೀಯ ಅಂತರವಿರಲಿಲ್ಲ. ಎಲ್ಲರೆದುರು ಜಾತಿ ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು.

ಹೀಗೆ ಸತ್ಯಾಂಶವು ನಂಬಿಕೆಯ ಬಗೆಯನ್ನು ಅವಲಂಬಿಸಿದೆ. ರಾಜಕೀಯ ಪಕ್ಷಗಳ ವಿಷಯ ಬಿಟ್ಟರೆ ಎಣಿಸಬಲ್ಲ ಸಂಗತಿಗಳಲ್ಲಿ ಅದು ಸಾಮಾನ್ಯವಾಗಿ ಹೆಚ್ಚು, ಸ್ವಭಾವ ಮತ್ತು ನೈತಿಕತೆಯ ತೀರ್ಪುಗಳಲ್ಲಿ ಕಡಿಮೆ. ಸರಾಸರಿ ನಿಜವಾದರೂ ಅದು ಗುಂಪಿನೊಳಗಿನ ಒಬ್ಬ ವ್ಯಕ್ತಿಯ ಬಗ್ಗೆ ಹೇಳುವುದು ಅತ್ಯಲ್ಪ.