ಸಾತ್‌ಬಾರ್, ಉತಾರ ಮತ್ತು ಮುತ್ತಜ್ಜಿಯ ಹೆಸರು

ಸೂರತ್‌ನ ಕತಾರ್‌ಗಾಮ್ ಕಡೆ ಇರೋ ನಮ್ಮವರಿಗೆ ‘ಸಾತ್‌ಬಾರ್’ ಅನ್ನೋ ಮಾತು ಗೊತ್ತಿರುತ್ತೆ. ಗ್ರಾಮ ನಮೂನೆ 7 ಮತ್ತು 12 ಸೇರಿದ ಜಮೀನಿನ ಹಾಳೆ. ನಮ್ಮ ಧಾರವಾಡ, ಬೆಳಗಾವಿ ಕಡೆಯ ‘ಉತಾರ’ಕ್ಕೂ ಇದಕ್ಕೂ ಬೇರು ಒಂದೇ. 1956ರ ನವೆಂಬರ್ 1ರ ತನಕ ಸೂರತ್, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಆಡಳಿತದಲ್ಲೇ ಇದ್ದವು. 1879ರ ಮುಂಬಯಿ ಭೂಕಂದಾಯ ಕಾಯ್ದೆಯೇ ಎಲ್ಲಕ್ಕೂ. (ವಡೋದರಾ ಮಾತ್ರ 1949ರವರೆಗೆ ಗಾಯಕವಾಡರ ಸಂಸ್ಥಾನ, ಅದರ ಕತೆ ಬೇರೆ.)

ಮನೆತನದ ಇತಿಹಾಸ ಅಂದ್ರೆ ಎಲ್ಲರೂ ವಂಶಾವಳಿ ಹಿಡ್ಕೊಂಡು ಕೂರ್ತಾರೆ. ಅದರಲ್ಲಿ ಹೆಚ್ಚಾಗಿ ಗಂಡಸರೇ. ಮುತ್ತಜ್ಜಿ ಹೆಸರು ಬೇಕಾದ್ರೆ ಮ್ಯುಟೇಶನ್ ರಿಜಿಸ್ಟರ್ ತೆಗೀರಿ ಅಂತೀನಿ ನಾನು. 1903ರ ಹಕ್ಕುದಾಖಲೆ ಕಾಯ್ದೆಯಿಂದ ಬಂದ ಪದ್ಧತಿ ಇದು. ಖರೀದಿ, ವಾಟ್ನಿ, ವಾರಸಾ, ಸಾಲದ ಬೋಜಾ, ಏನೇ ಆದರೂ ಒಂದು ನಂಬರ್ ಬಿದ್ದು ನಮೂದಾಗುತ್ತೆ. ಉತಾರದಲ್ಲಿ ಕಾಣೋ ಎಂ.ಇ. ಅಥವಾ ಎಂ.ಆರ್. ನಂಬರ್ ಬರ್ಕೊಂಡು ಒಂದೊಂದಾಗಿ ಹಿಂದಕ್ಕೆ ಹೋಗಿ.

ದಾರಿಯಲ್ಲಿ ‘ಅ.ಪಾ.ಕ.’ ಅಂತ ಕಂಡ್ರೆ ನಿಂತು ಓದಿ. ಅಜ್ಞಾನ ಪಾಲನಕರ್ತ, ಅಂದ್ರೆ ಮೈನರ್ ಮಗುವಿನ ಪಾಲಕರು. ಖಾತೆದಾರ ಮಯತ, ವಾರಸದಾರ ಮಗ, ‘ಅ.ಪಾ.ಕ. ತಾಯಿ’, ಮುಂದೆ ಒಬ್ಬಾಕೆಯ ಹೆಸರು. ಅಷ್ಟೇ ಸಾಲು. ಆದ್ರೆ ಗಂಡ ಯಾವಾಗ ಹೋದ, ಮಗ ಆಗ ಎಷ್ಟು ಸಣ್ಣವ, ಕಾಗದದ ಮೇಲೆ ಹೊಲ ಯಾರ ಕೈಯಲ್ಲಿತ್ತು, ಎಲ್ಲದರ ಅಂದಾಜು ಸಿಕ್ತು. ಮುಂದಿನ ನಮೂದುಗಳನ್ನೂ ನೋಡಿ: ಆಕೆ ಸಾಲ ತೆಗೆದಳೇ? ತುಂಡು ಹೊಲ ಮಾರಿದಳೇ? ಮಗ ದೊಡ್ಡವನಾದ ಮೇಲೆ ಆಕೆಯ ಹೆಸರು ಕಮ್ಮಿ ಆದದ್ದು ಯಾವ ವರ್ಷ? 1918ರ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತವನ್ನ ಬಹಳ ಬಡಿದಿತ್ತು. ಅದರ ಹಿಂದುಮುಂದಿನ ವಾರಸಾ ನಮೂದುಗಳನ್ನ ಬಿಡಲೇಬೇಡಿ.

ಮಾರಿದ್ದು ಕಂಡರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿಪತ್ರದ ನಕಲು ಕೇಳಿ. ಅಲ್ಲಿ ಇಂಡೆಕ್ಸ್ 1 ಜನರ ಹೆಸರಿನ ಪ್ರಕಾರ, ಇಂಡೆಕ್ಸ್ 2 ಆಸ್ತಿಯ ಪ್ರಕಾರ. ಪತ್ರದ ಚಕ್ಕುಬಂದಿಯನ್ನೂ ಸಾಕ್ಷಿಗಳ ಹೆಸರನ್ನೂ ನೋಡಿ. ಪಕ್ಕದ ಹೊಲದವರು, ಸಾಕ್ಷಿ ಹಾಕಿದವರು ಎಷ್ಟೋ ಸಲ ದಾಯಾದಿಗಳೇ ಆಗಿರ್ತಾರೆ.

‘ನಮಗೆ ಹೊಲವೇ ಇರಲಿಲ್ಲ’ ಅನ್ನೋರು ಸಾಗುವಳಿದಾರರ ಕಾಲಂ ನೋಡಿ. ಗೇಣಿ ಮಾಡಿದವರು ಅಲ್ಲಿ ಸಿಗಬಹುದು. ಕರ್ನಾಟಕದಲ್ಲಿ ಗೇಣಿ ಭೂಮಿ 1974ರ ಮಾರ್ಚ್ 1ಕ್ಕೆ ಸರ್ಕಾರಕ್ಕೆ ಸೇರಿತು, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿದ್ರು. (ಸಾತ್‌ಬಾರ್‌ನ ಏಳೇ ಬೇರೆ, ಈ ಏಳೇ ಬೇರೆ!) ಭೂ ನ್ಯಾಯಮಂಡಳಿಯ ಆ ಫೈಲ್‌ನಲ್ಲಿ ಅಜ್ಜನ ಹೇಳಿಕೆಯೇ ಇರಬಹುದು.

ಭೂಮಿ ಯೋಜನೆ ಬಂದದ್ದು 2000ದ ಹೊತ್ತಿಗೆ. ಅದಕ್ಕಿಂತ ಹಳೇ ಕೈಬರಹದ್ದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು. ಗದಗ, ಹಾವೇರಿಯವರು 1997ರ ಹಿಂದಿನ ಜಿಲ್ಲಾ ಕಾಗದಕ್ಕೆ ಧಾರವಾಡದಲ್ಲೂ, ಬಾಗಲಕೋಟೆಯವರು ವಿಜಾಪುರದಲ್ಲೂ ವಿಚಾರಿಸಿ. ತೀರಾ ಹಳೇವು ಮೋಡಿ ಲಿಪಿಯಲ್ಲಿರಬಹುದು. ಫೋಟೋ ತೆಗೆದಿಟ್ಕೊಳ್ಳಿ, ಓದೋರನ್ನ ಆಮೇಲೆ ಹುಡುಕೋಣ.