ನ್ಯಾಯಾಸನದ ಮುಂದೆ ಮುಂಡಾಸು

1893ರಲ್ಲಿ ಡರ್ಬನ್ನಿಗೆ ಬಂದಿಳಿದ ಎರಡು ಮೂರು ದಿನಗಳಲ್ಲೇ ಗಾಂಧಿಯವರು ಅಬ್ದುಲ್ಲಾ ಸೇಠರೊಡನೆ ಅಲ್ಲಿನ ನ್ಯಾಯಾಲಯವನ್ನು ನೋಡಲು ಹೋದರು. ತಲೆಯ ಮೇಲೆ ಮುಂಡಾಸಿತ್ತು. ಮ್ಯಾಜಿಸ್ಟ್ರೇಟರು ದಿಟ್ಟಿಸಿ ನೋಡಿ, ಅದನ್ನು ತೆಗೆಯಬೇಕೆಂದರು. ಗಾಂಧಿಯವರು ಒಪ್ಪದೆ ಹೊರನಡೆದರು.

ಆಂಗ್ಲರಿಗೆ ಟೋಪಿ ತೆಗೆಯುವುದು ಮರ್ಯಾದೆ. ನಮ್ಮ ಹಿಂದಿನವರಿಗೋ, ಸಭೆಯಲ್ಲಿ ಬರಿದಲೆಯಲ್ಲಿ ನಿಲ್ಲುವುದೇ ಅವಮಾನ. ತೊಡಕು ಇಷ್ಟೇ ಆಗಿದ್ದರೆ ಬಿಡಿಸಬಹುದಾಗಿತ್ತು. ಆದರೆ ಅಲ್ಲಿ ಮುಸಲ್ಮಾನ ಉಡುಪಿನವರಿಗೆ ವಿನಾಯಿತಿಯುಂಟು, ಉಳಿದ ಭಾರತೀಯರಿಗಿಲ್ಲ. ಹಾಗಾದರೆ ಇಂಗ್ಲಿಷರ ಹ್ಯಾಟನ್ನೇ ಧರಿಸೋಣವೆ ಎಂದರೆ, ಹೋಟೆಲಿನ ಮಾಣಿಯೆಂದು ತಿಳಿದಾರೆಂದು ಸೇಠರು ತಡೆದರು! ಗಾಂಧಿಯವರು ಪತ್ರಿಕೆಗೆ ಬರೆದರು. ‘ಬೇಡದ ಅತಿಥಿ’ ಎಂಬ ಬಿರುದು ದೊರಕಿತು.

1894ರಲ್ಲಿ ನೆಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದಾಗ ಮುಖ್ಯ ನ್ಯಾಯಾಧೀಶರೂ ಅದನ್ನೇ ಹೇಳಿದರು. ಈ ಸಲ ಮುಂಡಾಸನ್ನು ತೆಗೆದರು. ಸೇಠರಿಗೆ ಇದು ಸೇರಲಿಲ್ಲ. ನನಗಾದರೋ ಮೊದಲಿನ ನಿರಾಕರಣೆಗಿಂತ ಈ ಒಪ್ಪಿಗೆಯೇ ಕಠಿನವಾದುದೆಂದು ತೋರುತ್ತದೆ. ದೊಡ್ಡ ಹೋರಾಟಕ್ಕಾಗಿ ಹಟವನ್ನು ಕಾದಿರಿಸುವುದು ಇಪ್ಪತ್ತೈದರ ಹರೆಯದಲ್ಲಿ ಸುಲಭವಲ್ಲ.

1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆಪಾದಿತರಾಗಿ ನಿಂತಾಗ ಅವರು ಉಟ್ಟಿದ್ದುದು ತುಂಡು ಪಂಚೆ. ನ್ಯಾಯಾಧೀಶ ಬ್ರೂಮ್‌ಫೀಲ್ಡರು ಆಪಾದಿತನಿಗೆ ತಲೆಬಾಗಿ ಕುಳಿತರು; ಆರು ವರ್ಷಗಳ ಸಜೆ ವಿಧಿಸಿದರು. ತೀರ್ಪಿನಲ್ಲಿ ಉಡುಪಿನ ಮಾತೇ ಇಲ್ಲ.